ರದ್ದಾದ ವಿಮಾನ, ರದ್ದಾಗದ ಹಕ್ಕು

2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಂಸ್ಥೆಯು ಸಾವಿರಾರು ಹಾರಾಟಗಳನ್ನು ರದ್ದುಗೊಳಿಸಿತು. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಅದು ಸಿದ್ಧವಾಗಿರಲಿಲ್ಲ. ಸರಕಾರವಾದರೋ ಮೊದಲು ಕೊಟ್ಟದ್ದು ದಂಡವನ್ನಲ್ಲ, ವಿನಾಯಿತಿಯನ್ನು.

ಚಾಮರಾಜನಗರ, ಗುಂಡ್ಲುಪೇಟೆಯ ನಮಗೆ ಬೆಂಗಳೂರಿನ ವಿಮಾನ ನಿಲ್ದಾಣ 200 ಕಿ.ಮೀ.ಗೂ ಹೆಚ್ಚು ದೂರ. ಕೇರಳದ ಕರಿಪುರಕ್ಕೆ ಹೋಗೋಣವೆಂದರೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಮುಚ್ಚಿರುತ್ತದೆ. ರಜೆ ಮುಗಿಸಿ ಗಲ್ಫ್‌ಗೆ ಮರಳುವವನಿಗೆ ಒಂದು ರದ್ದತಿಯಿಂದ ನೌಕರಿಗೇ ಕುತ್ತು ಬರಬಹುದು.

ಹಾಗೆಂದು ಕೌಂಟರಿನ ಸಿಬ್ಬಂದಿಯ ಮೇಲೆ ಹರಿಹಾಯ್ದು ಫಲವಿಲ್ಲ. ವಿಮಾನ ರದ್ದಾದರೆ ಬದಲಿ ವಿಮಾನ ಅಥವಾ ಪೂರ್ಣ ಹಣ ನಮ್ಮ ಹಕ್ಕು. ಬದಲಿ ವಿಮಾನಕ್ಕಾಗಿ ನಿಲ್ದಾಣದಲ್ಲಿ ಕಾಯುವಾಗ ಊಟ, ಉಪಾಹಾರ ಸಂಸ್ಥೆಯ ಹೊಣೆ. ಇದನ್ನು ಲಿಖಿತವಾಗಿ ಕೇಳೋಣ, ರಸೀದಿಗಳನ್ನು ಜೋಪಾನವಾಗಿಡೋಣ. ಕೇಳದವನ ಹಕ್ಕು ಕಾಗದದಲ್ಲೇ ಉಳಿಯುತ್ತದೆ.