ಖಾಲಿ ಸೈಟಿನ ಬಾಲ್ಯ

ರಾಜಾಜಿನಗರದ ಯಾವುದಾದರೂ ಪಾರ್ಕಿನಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ಕಲ್ಲುಬೆಂಚಿನ ಪಕ್ಕ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ನಮ್ಮ ಕಾಲದಲ್ಲಿ ಯಾರ್ ಸಾರ್ ಹಿಂದೆ ಬರ್ತಿದ್ರು? ಬೆಳಗ್ಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ಮನೆ. ಈಗಿನ ಮಕ್ಕಳಿಗೆ ಮೂರನೇ ಕ್ರಾಸ್‌ಗೆ ಹೋಗೋಕೂ ಅಮ್ಮ ಬೇಕು.’ ಹೇಳುವವರಿಗೆ ಅರವತ್ತರ ಆಸುಪಾಸು. ಕೇಳುವವರೂ ಅದೇ ವಾರಿಗೆಯವರು, ಹೌದು ಹೌದು ಎಂದು ತಲೆಯಾಡಿಸುತ್ತಾರೆ. ಕೊನೆಗೆ ತಪ್ಪೆಲ್ಲ ಇಬ್ಬರ ತಲೆಗೆ ಬರುತ್ತದೆ. ಒಂದು ಮೊಬೈಲು, ಇನ್ನೊಬ್ಬಳು ಸೊಸೆ.

ಅವರು ಹೇಳುವ ಬಾಲ್ಯ ಕಟ್ಟುಕಥೆಯಲ್ಲ. ಎಪ್ಪತ್ತು ಎಂಬತ್ತರ ದಶಕದ ವಿಜಯನಗರ, ಬಸವೇಶ್ವರನಗರಗಳಲ್ಲಿ ಹುಡುಗರು ಶಾಲೆಯ ಚೀಲ ಒಗೆದು ಬೀದಿಗಿಳಿದರೆ ಲಗೋರಿ, ಬುಗುರಿ, ಗೋಲಿ, ಚಿನ್ನಿದಾಂಡು, ಐಸ್‌ಪೈಸ್. ಕ್ರಿಕೆಟ್ಟಿಗೆ ಬೀದಿಗೊಂದು ಕಾನೂನು: ಒನ್ ಪಿಚ್ ಕ್ಯಾಚ್ ಹಿಡಿದರೂ ಔಟ್, ಕಾಂಪೌಂಡಿನೊಳಗೆ ಬಿದ್ದರೂ ಔಟ್, ಬೈಸಿಕೊಂಡು ಬಾಲು ತರಬೇಕಾದವನು ಹೊಡೆದವನೇ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು ಸೀಟಿಗೆ ಎಟುಕದಷ್ಟು ಎತ್ತರ. ಬಾರಿನ ಅಡಿಯಿಂದ ಕಾಲು ತೂರಿಸಿ ತುಳಿಯಬೇಕು, ಬೀಳಬೇಕು, ತರಚಿದ ಮಂಡಿಯನ್ನು ಮನೆಯಲ್ಲಿ ಮುಚ್ಚಿಡಬೇಕು. ಕೆಂಗೇರಿ ಕಡೆಯವರಿಗೆ ಇನ್ನೂ ದೊಡ್ಡ ರಾಜ್ಯ: ತೋಪು, ಕೆರೆ ಏರಿ, ವೃಷಭಾವತಿಯ ದಂಡೆ.

ಇಷ್ಟು ಸ್ವಾತಂತ್ರ್ಯ ಕೊಟ್ಟವರು ಯಾರು? ಆಗಿನ ಅಪ್ಪ ಅಮ್ಮಂದಿರದು ಗಟ್ಟಿ ಗುಂಡಿಗೆ ಎನ್ನುತ್ತದೆ ಬೆಂಚು. ನನ್ನ ಪ್ರಕಾರ ಕೊಟ್ಟದ್ದು ಸಿಐಟಿಬಿ, ಅದೂ ತನಗೇ ಗೊತ್ತಿಲ್ಲದೆ. 1945ರಲ್ಲಿ ಹುಟ್ಟಿದ ಆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎ, ಎರಡೂ ಸೇರಿ ಊರಿನ ಪಡುವಣದ ಹಳ್ಳಿಗಳ ಹೊಲಗದ್ದೆಗಳಲ್ಲಿ ಕಲ್ಲು ನೆಟ್ಟು 30x40, 40x60 ಎಂದು ಸೈಟು ಹಂಚಿದವು. ಸೈಟು ಸಿಕ್ಕ ಗುಮಾಸ್ತರಿಗೆ, ಮೇಷ್ಟರಿಗೆ, ಕಾರ್ಖಾನೆ ನೌಕರರಿಗೆ ತಕ್ಷಣ ಮನೆ ಕಟ್ಟುವ ಶಕ್ತಿ ಇರಲಿಲ್ಲ. ಇಂತಿಷ್ಟು ವರ್ಷದೊಳಗೆ ಕಟ್ಟಬೇಕೆಂಬ ಷರತ್ತು ಕಾಗದದಲ್ಲಿತ್ತು. ಪಿ.ಎಫ್. ಸಾಲ ಮಂಜೂರಾಗುವ ತನಕ, ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುವ ತನಕ ಸೈಟಿನಲ್ಲಿ ಕಾಂಗ್ರೆಸ್ ಗಿಡ ಬೆಳೆಯುತ್ತಿತ್ತು. ಅದನ್ನು ತುಳಿದು ತುಳಿದು ಮಕ್ಕಳು ಪಿಚ್ ಮಾಡಿಕೊಂಡರು. ಪಕ್ಕದಲ್ಲಿ ಯಾರೋ ಕಟ್ಟಲು ಶುರುಮಾಡಿದರೆ ಮರಳಿನ ರಾಶಿ ಬೋನಸ್ಸು. ಹೀಗೆ ಒಂದು ಪೀಳಿಗೆಗೆ ಪುಕ್ಕಟೆ ಮೈದಾನ ಸಿಕ್ಕಿತು. ನಕ್ಷೆಯಲ್ಲಿ ಅದು ಮೈದಾನವಾಗಿರಲಿಲ್ಲ, ಹಾಗಾಗಿ ಉಳಿಯಲೂ ಇಲ್ಲ.

ರಸ್ತೆಯೂ ಹಾಗೇ ಪುಕ್ಕಟೆ ಸಿಕ್ಕಿತ್ತು. 1981ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 29 ಲಕ್ಷ, 2011ರಲ್ಲಿ ಪಾಲಿಕೆ ವ್ಯಾಪ್ತಿಯಲ್ಲೇ 84 ಲಕ್ಷ. ಇಂದು ನಗರದಲ್ಲಿ ನೋಂದಣಿಯಾದ ವಾಹನಗಳೇ ಒಂದು ಕೋಟಿ ದಾಟಿವೆ. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಕ್ರಾಸ್ ರಸ್ತೆಯ ನಡುವೆ ಸ್ಟಂಪಿನ ಬದಲು ಕಲ್ಲು ಪೇರಿಸಿಡಲು ಧೈರ್ಯವೇನೂ ಬೇಕಿರಲಿಲ್ಲ.

ಮೂರನೆಯ ಕೊಡುಗೆಯನ್ನು ಬೆಂಚಿನ ಮೇಲೆ ಯಾರೂ ನೆನೆಯುವುದಿಲ್ಲ. ಆಗ ಹಗಲೆಲ್ಲ ಮನೆಯಲ್ಲಿರುತ್ತಿದ್ದ ಹೆಂಗಸರು ಗೇಟಿನ ಬಳಿ ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ ಇಡೀ ಬೀದಿಯ ಮಕ್ಕಳನ್ನು ಕಾಯುತ್ತಿದ್ದರು. ‘ನಿಮ್ಮ ಹುಡುಗ ಮಾಗಡಿ ರೋಡ್ ದಾಟ್ತಿದ್ದ ಕಣ್ರೀ’ ಎಂಬ ವರದಿ ಹುಡುಗನಿಗಿಂತ ಮೊದಲು ಮನೆ ಸೇರುತ್ತಿತ್ತು. ಹಿಂದೆ ಯಾರೂ ಬರುತ್ತಿರಲಿಲ್ಲ ಎಂದು ಈಗ ಎದೆಯುಬ್ಬಿಸುವವರನ್ನು ಹತ್ತು ಜೋಡಿ ಕಣ್ಣು ಹಿಂಬಾಲಿಸುತ್ತಿದ್ದವು. ಆ ಕಾವಲಿಗೆ ಸಂಬಳ ಇರಲಿಲ್ಲ, ಹೆಸರೂ ಇರಲಿಲ್ಲ. ಇಂದಿನ ಸೊಸೆ ಎಂಟೂವರೆಗೆ ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುತ್ತಾಳೆ. ಅವಳ ಅತ್ತೆಯ ಅತ್ತೆ ಗೇಟಿನಲ್ಲಿ ಕೂತು ಮಾಡಿದ ಕೆಲಸವನ್ನು ಅವಳು ಮೊಬೈಲಿನಲ್ಲಿ ಲೊಕೇಶನ್ ನೋಡಿ ಮಾಡುತ್ತಾಳೆ. ಆಡಿಕೊಳ್ಳುವಂಥದ್ದು ಏನಿದೆ?

ಆ ಕಾಲದ ಲೆಕ್ಕ ಬರೆಯುವಾಗ ಖರ್ಚಿನ ಪುಟವನ್ನೂ ತೆರೆಯಬೇಕು. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಇಂದು ಆ ಸಂಖ್ಯೆ 30ಕ್ಕಿಂತ ಕೆಳಗಿದೆ. ಆಗಿನ ತರಗತಿಗಳಲ್ಲಿ ಪೋಲಿಯೊ ಆಗಿ ಕಾಲೆಳೆಯುತ್ತ ಬರುವ ಹುಡುಗನೋ ಹುಡುಗಿಯೋ ಅಪರೂಪವಾಗಿರಲಿಲ್ಲ. ಭಾರತದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಮಗುವಿನ ಮೈಮುಟ್ಟಿದ ನೆಂಟನ ಹೆಸರು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಪೋಕ್ಸೊ ಕಾಯ್ದೆ ಬರಲು 2012 ಆಗಬೇಕಾಯಿತು. ‘ನಾವೆಲ್ಲ ಚೆನ್ನಾಗೇ ಬೆಳೆದೆವಲ್ಲ’ ಎನ್ನಲು ಬೆಂಚಿಗೆ ಬಂದವರು ಬೆಳೆದವರು ಮಾತ್ರ.

ಸ್ವಾತಂತ್ರ್ಯವಾದರೂ ಎಲ್ಲರದಾಗಿತ್ತೇ? ಮೈನೆರೆದ ಹುಡುಗಿಗೆ ಬೀದಿ ಅಲ್ಲಿಗೆ ಮುಗಿಯಿತು. ಕುಂಟೆಬಿಲ್ಲೆ ಹೋಗಿ ಮನೆಯೊಳಗಿನ ಚೌಕಾಬಾರ ಬಂತು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ಲೇತ್ ಒರೆಸುತ್ತಿದ್ದ, ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ, ಅಮ್ಮನ ಜೊತೆ ಊದುಬತ್ತಿ ಹೊಸೆಯುತ್ತಿದ್ದ ಮಕ್ಕಳೂ ಅದೇ ವಯಸ್ಸಿನವರು. ಅವರ ನೆನಪುಗಳಲ್ಲಿ ಲಗೋರಿ ಇಷ್ಟೊಂದು ಇರಲಾರದು.

ಹಾಗಾದರೆ ಬೆಂಚಿನವರ ಕೊರಗಿಗೆ ಅರ್ಥವೇ ಇಲ್ಲವೇ? ಇದೆ. ಕಳೆದುಹೋದದ್ದು ನಿಜ. ಮಗು ತಾನೇ ಆಟ ಹುಡುಕಿ, ತಾನೇ ಜಗಳವಾಡಿ, ತಾನೇ ರಾಜಿಯಾಗುವುದನ್ನು ಯಾವ ಸಮ್ಮರ್ ಕ್ಯಾಂಪೂ ಕಲಿಸದು. ಆದರೆ ಅದನ್ನು ಕಳೆದವರು ಯಾರೆಂದು ನೋಡಬೇಕು. ಖಾಲಿ ಸೈಟಿನಲ್ಲಿ ಆಡಿದ ಪೀಳಿಗೆಯೇ ಮುಂದೆ 30x40ರಲ್ಲಿ ನಾಲ್ಕಂತಸ್ತು ಎಬ್ಬಿಸಿತು, ಕಾರು ನಿಲ್ಲಿಸಬೇಕಾದ ನೆಲಮಹಡಿಯನ್ನು ಅಂಗಡಿಗೆ ಬಾಡಿಗೆ ಕೊಟ್ಟಿತು, ಕಾರನ್ನು ರಸ್ತೆಗೆ ತಂದು ಕವರು ಹೊದಿಸಿತು. ಅದರ ಅಕ್ಕಪಕ್ಕ ಯಾರೂ ನಿಲ್ಲಿಸದಂತೆ ಹೂಕುಂಡ ಇಟ್ಟಿತು. ಮೊಮ್ಮಗನ ಕೈಗೆ ಮೊಬೈಲು ಕೊಟ್ಟವಳು ಸೊಸೆ ಎಂದೇ ಇಟ್ಟುಕೊಳ್ಳೋಣ. ಅವನ ಕಾಲಡಿಯ ರಸ್ತೆ ಕಿತ್ತುಕೊಂಡವರು ತಾತ.

ಇದು ಕಾಲದ ಮಹಿಮೆ, ಏನೂ ಮಾಡಲಾಗದು ಎಂದರೆ ನಾನು ಒಪ್ಪುವುದಿಲ್ಲ. 1971ರಲ್ಲಿ ನೆದರ್‌ಲೆಂಡ್ಸ್‌ನ ರಸ್ತೆಗಳಲ್ಲಿ ಸತ್ತ ಸುಮಾರು 3,300 ಜನರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಅಲ್ಲಿನ ತಂದೆತಾಯಂದಿರು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿ ಸುಮ್ಮನಾಗಲಿಲ್ಲ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದು ಕಾರುಗಳನ್ನು ತಡೆದರು. ವಸತಿ ಬೀದಿಗಳಲ್ಲಿ ವಾಹನ ನಡಿಗೆಯ ವೇಗದಲ್ಲಿ ಸಾಗಬೇಕು, ಮೊದಲ ಹಕ್ಕು ಆಡುವವರದು ಎಂಬ ನಿಯಮ 1976ರಲ್ಲಿ ಅಲ್ಲಿ ಕಾನೂನಾಯಿತು. ನಮ್ಮಲ್ಲೂ ಜನ ಹೋರಾಡಿದ್ದಿದೆ. ಸದಾಶಿವನಗರದ ಕಡೆ ಪಾರ್ಕಿಗೆಂದು ಮೀಸಲಿಟ್ಟ ಜಾಗ ಖಾಸಗಿ ನರ್ಸಿಂಗ್ ಹೋಮಿನ ಪಾಲಾದಾಗ ನಿವಾಸಿಗಳು ಸುಪ್ರೀಂ ಕೋರ್ಟಿನ ತನಕ ಬಡಿದಾಡಿ 1991ರಲ್ಲಿ ಗೆದ್ದರು. ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. 2020ರ ಕೊನೆಗೆ ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಕ್ಕೆ ವಾಹನ ನಿಲ್ಲಿಸಿ ನೋಡಿಯೂ ಆಗಿದೆ. ಅಂಗಡಿಬೀದಿಗೆ ಆಗುವುದು ನಾಲ್ಕನೇ ಬ್ಲಾಕಿನ ಕ್ರಾಸಿಗೆ ಆಗದೇ?

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆಗಳಾದವು, ನಮ್ಮ ಕಡೆಗೆ ಪಶ್ಚಿಮ ನಗರ ಪಾಲಿಕೆ ಬಂತು. ಅದರ ಮುಂದೆ ಇಡಬೇಕಾದ ಅರ್ಜಿ ಚಿಕ್ಕದು. ವಾರ್ಡಿಗೊಂದು ಕ್ರಾಸ್ ರಸ್ತೆ ಭಾನುವಾರ ಸಂಜೆ ನಾಲ್ಕರಿಂದ ಏಳರವರೆಗೆ ಮಕ್ಕಳಿಗೆ. ಸರ್ಕಾರಿ ಶಾಲೆಯ ಅಂಗಳದ ಗೇಟು ಶಾಲೆ ಬಿಟ್ಟ ಮೇಲೂ ತೆರೆದಿರಲಿ, ಒಬ್ಬ ಕಾವಲುಗಾರನಿಗೆ ಪಾಲಿಕೆ ಸಂಬಳ ಕೊಡಲಿ. ಪಾರ್ಕಿಂಗ್ ಜಾಗವನ್ನು ಮಳಿಗೆ ಮಾಡಿದವರಿಗೆ ನೋಟಿಸು ಹೋಗಲಿ. ಅರ್ಜಿಗೆ ಮೊದಲ ಸಹಿ ಬೆಂಚಿನ ಹಿರಿಯರದೇ ಆಗಬೇಕು, ಸಂಜೆ ಕಾವಲಿಗೂ ಅವರೇ ಕೂರಬೇಕು. ಅಂದು ಗೇಟಿನ ಬಳಿ ಹೆಂಗಸರು ಮಾಡಿದ ಕೆಲಸ ಅದು. ಈಗ ರಿಟೈರಾದ ಗಂಡಸರ ಸರದಿ.