ಕೆಳಗಿಳಿಯದ ಸ್ಟೆಪ್ನಿ

ನಮ್ಮ ಲಾರಿ ಚಾಲಕರು ಹೆಚ್ಚುವರಿ ಚಕ್ರವನ್ನು ಸ್ಟೆಪ್ನಿ ಎಂದೇ ಕರೆಯುತ್ತಾರೆ. ಇದು ವೇಲ್ಸ್ ದೇಶದ ಲನೆಲಿ ಪಟ್ಟಣದ ಒಂದು ಬೀದಿಯ ಹೆಸರು. 1904ರಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬಾತನು ಆ ಊರಿನಲ್ಲಿ ಗಾಳಿ ತುಂಬಿದ ಟೈರುಳ್ಳ, ಅರೆಕಾಲುಗಳಿಲ್ಲದ ಬಳೆಯೊಂದನ್ನು ರೂಪಿಸಿದನು. ಟೈರು ತೂತಾದಾಗ ಅದನ್ನು ಚಕ್ರಕ್ಕೆ ಬಿಗಿದರೆ ಗಾಡಿ ಮುಂದೆ ಸಾಗುತ್ತಿತ್ತು. ಆ ವಸ್ತು ಮರೆಯಾಯಿತು. ಹೆಸರು ಮಾತ್ರ ನಮ್ಮ ಹೆದ್ದಾರಿಗಳ ಪಂಕ್ಚರ್ ಅಂಗಡಿಗಳಲ್ಲಿ ಉಳಿದುಕೊಂಡಿದೆ.

ಸಣ್ಣ ಸರಕುಲಾರಿಗಳಲ್ಲಿ ಈ ಚಕ್ರವನ್ನು ಹಿಂಬದಿಯ ಅಡಿಯಲ್ಲಿ ಮಲಗಿಸಿ ತೂಗುಹಾಕುವ ಏರ್ಪಾಡು ಸಾಮಾನ್ಯವಾಗಿದೆ. ಉಕ್ಕಿನ ಹಗ್ಗವೊಂದು ಚಕ್ರದ ನಡುವಣ ರಂಧ್ರದ ಮೂಲಕ ಇಳಿದು, ತುದಿಯ ಅಡ್ಡಪಟ್ಟಿಯಿಂದ ಅದನ್ನು ಎತ್ತಿ ಹಿಡಿದಿರುತ್ತದೆ. ಹಿಂದಿನಿಂದ ಉದ್ದನೆಯ ಸಲಾಕೆಯನ್ನು ತೂರಿಸಿ ತಿರುಗಿಸಿದರೆ ಗಿರಕಿ ಸುತ್ತಿ ಹಗ್ಗವು ಸಡಿಲಗೊಳ್ಳುತ್ತದೆ, ಚಕ್ರವು ಇಳಿಯುತ್ತದೆ. ಸರಕಿಗೆ ಜಾಗ ಉಳಿಯುವುದರಿಂದ ಇದು ಜಾಣ ಯುಕ್ತಿಯೇ ಸರಿ. ಆದರೆ ಈ ಯಂತ್ರವನ್ನು ಇರಿಸಿರುವುದು ಕೆಸರುನೀರು ಸದಾ ಚಿಮ್ಮುವ ಸ್ಥಳದಲ್ಲಿ. ಒಡೆಯರು ಅದನ್ನು ನೆನೆಯುವುದು ಟೈರು ಒಡೆದ ದಿನ ಮಾತ್ರ.

ಕಬ್ಬಿಣವು ನೀರು ಹಾಗೂ ಆಮ್ಲಜನಕಗಳೊಡನೆ ಸೇರಿ ತುಕ್ಕಾಗುವುದೆಂಬುದನ್ನು ವಾಚಕರು ಬಲ್ಲರು. ನೀರಿನಲ್ಲಿ ಉಪ್ಪು ಕರಗಿದ್ದರೆ ಅದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಈ ಕ್ರಿಯೆ ತೀವ್ರವಾಗುತ್ತದೆ. ಮಲ್ಪೆಯಿಂದ ಮೀನು ತುಂಬಿ ಘಟ್ಟ ಹತ್ತುವ ಲಾರಿಗಳನ್ನು ನೋಡಿರಿ: ಮೇಲಿನಿಂದ ಉಪ್ಪುನೀರು ತೊಟ್ಟಿಕ್ಕುತ್ತದೆ, ಕೆಳಗಿನಿಂದ ಮಳೆನೀರು ಹಾರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಜಾಗವನ್ನು ಬೇಡುತ್ತದೆ. ಗಿರಕಿಯ ಇಕ್ಕಟ್ಟಾದ ಸಂದುಗಳಲ್ಲಿ ಅದು ಬೆಣೆಯಂತೆ ಉಬ್ಬಿ, ಭಾಗಗಳನ್ನು ಒಂದಾಗಿ ಬೆಸೆದಂತೆ ಹಿಡಿದುಬಿಡುತ್ತದೆ. ಒದ್ದೆ ಮೊಳೆ, ಎಣ್ಣೆ ಹಚ್ಚಿದ ಮೊಳೆಗಳ ಪ್ರಯೋಗವನ್ನು ಪ್ರೌಢಶಾಲೆಯಲ್ಲಿ ಮಾಡಿದವರಿಗೆ ಇದು ಹೊಸತಲ್ಲ. ಆ ಪಾಠವು ಉತ್ತರಪತ್ರಿಕೆಯಿಂದ ಆಚೆಗೆ ಬರುವುದೇ ಅಪರೂಪ.

ಶಿರಾಡಿ ಘಾಟಿಯ ತಿರುವಿನಲ್ಲಿ, ಇರುಳು ಮಳೆಯಲ್ಲಿ, ಸಲಾಕೆ ತಿರುಗದಿದ್ದರೆ ಚಾಲಕನು ಮಾಡುವುದೇನು? ಜಾಕ್ ಕೊಟ್ಟು ಲಾರಿಯನ್ನು ಎತ್ತಿ, ಅಡಿಗೆ ನುಸುಳಿ ಸುತ್ತಿಗೆಯಿಂದ ಬಡಿಯುತ್ತಾನೆ. ಇಳಿಜಾರಿನಲ್ಲಿ ಜಾಕ್ ಜಾರಬಹುದು. ತುಕ್ಕು ತಿಂದ ಹಗ್ಗವು ತುಂಡಾದರೆ 20 ಕಿಲೊಗ್ರಾಂಗೂ ಮೀರಿದ ಚಕ್ರವು ನೇರವಾಗಿ ಎದೆಯ ಮೇಲೆ ಬೀಳುತ್ತದೆ. ಒಂದು ಚಕ್ರಕ್ಕಾಗಿ ಪ್ರಾಣವನ್ನು ಪಣವಿಡುವ ಈ ಸಾಹಸವನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ.

ಸಿಕ್ಕಿಕೊಂಡದ್ದನ್ನು ಬಿಡಿಸಲು ಬಲಕ್ಕಿಂತ ಕಾಲ ಮೇಲು. ಸಂದುಗಳಿಗೆ ತೆಳುವಾದ, ಒಳನುಸುಳುವ ಎಣ್ಣೆಯನ್ನು ಹೊರಬದಿಯಿಂದ ಸಿಂಪಡಿಸಿ ಒಂದು ರಾತ್ರಿ ಬಿಡಬೇಕು. ದೀಪದ ಬತ್ತಿಯಲ್ಲಿ ಎಣ್ಣೆಯನ್ನು ಏರಿಸುವ ಕೇಶಾಕರ್ಷಣೆಯೇ ಇಲ್ಲಿಯೂ ಅದನ್ನು ಒಳಕ್ಕೆ ಎಳೆಯುತ್ತದೆ. ಆಮೇಲೆ ಸಲಾಕೆಯನ್ನು ಸ್ವಲ್ಪ ಅತ್ತ, ಸ್ವಲ್ಪ ಇತ್ತ ಆಡಿಸಿದರೆ ತುಕ್ಕಿನ ಹಿಡಿತ ಬಿಡುತ್ತದೆ. ಒಂದೇ ದಿಕ್ಕಿಗೆ ಒತ್ತಿದರೆ ಮುರಿಯುವುದು ಸಲಾಕೆಯ ತುದಿ. ಬೆಂಕಿಯ ಜ್ವಾಲೆಯನ್ನಂತೂ ಗಾಳಿ ತುಂಬಿದ ಟೈರಿನ ಬಳಿಗೆ ಒಯ್ಯಲೇಬಾರದು. ಹಗ್ಗ ಸಡಿಲಾದರೂ ಚಕ್ರ ಇಳಿಯದಿದ್ದರೆ, ಕೆಲವು ಲಾರಿಗಳಲ್ಲಿರುವ ಎರಡನೆಯ ಸುರಕ್ಷಾಕೊಂಡಿ ಸಿಕ್ಕಿರಬಹುದು. ಅದು ಕಾರ್ಖಾನೆಯ ಕೆಲಸ, ದಾರಿಬದಿಯದಲ್ಲ.

ಸ್ಟೆಪ್ನಿಯೇ ಬೇಡವೆನ್ನುವವರೂ ಉಂಟು. 2020ರ ಕೇಂದ್ರ ನಿಯಮದ ತಿದ್ದುಪಡಿಯು ಟ್ಯೂಬಿಲ್ಲದ ಟೈರು, ಒತ್ತಡಸೂಚಕ, ತೂತು ಮುಚ್ಚುವ ಸಲಕರಣೆಗಳಿರುವ ಸಣ್ಣ ಪ್ರಯಾಣಿಕ ವಾಹನಗಳಿಗೆ ಆ ವಿನಾಯಿತಿಯನ್ನು ಕೊಟ್ಟಿತು. ಸರಕು ಹೊತ್ತ ಲಾರಿಯ ಮಾತು ಬೇರೆ. ಪಕ್ಕ ಸೀಳಿದ ಟೈರನ್ನು ಯಾವ ಅಂಟೂ ಮುಚ್ಚಲಾರದು. ವರ್ಷವಿಡೀ ಇಳಿಸದ ಸ್ಟೆಪ್ನಿಯನ್ನು ಸ್ಟೆಪ್ನಿಯೆಂದು ಎಣಿಸಬಾರದೆಂಬುದೇ ನಮ್ಮ ಅಭಿಪ್ರಾಯ. ಮಳೆಗಾಲದ ಮುನ್ನ ಒಮ್ಮೆ, ಬಳಿಕ ಒಮ್ಮೆ, ಸಮತಟ್ಟಾದ ನೆಲದಲ್ಲಿ ಅದನ್ನು ಪೂರ್ತಿ ಇಳಿಸಬೇಕು. ಹಗ್ಗದ ಎಳೆಗಳು ಬಿಚ್ಚಿವೆಯೇ ಎಂದು ಪರೀಕ್ಷಿಸಿ, ಗ್ರೀಸ್ ಹಚ್ಚಿ, ಟೈರಿನ ಗಾಳಿಯನ್ನು ಅಳೆದು, ಮತ್ತೆ ಅಲುಗಾಡದಂತೆ ಬಿಗಿಯಾಗಿ ಏರಿಸಬೇಕು. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯದು. ಮನೆಯಲ್ಲಿ ಇಂಥ ವಾಹನವಿರುವ ವಿದ್ಯಾರ್ಥಿಗಳು ಈ ಭಾನುವಾರವೇ ಹಿರಿಯರ ಜೊತೆ ನಿಂತು ಸಲಾಕೆ ತಿರುಗುತ್ತದೆಯೇ ಎಂದು ನೋಡಬಹುದು.