ಪೊಲೀಸ್ ವೈರ್‌ಲೆಸ್‌ಗೆ ಕಳ್ಳಗಿವಿ: ಕಾನೂನು ಬಿಗಿ, ಅರಿವು ಸಡಿಲ

ಹೊರ್ತಿ (ವಿಜಯಪುರ ಜಿಲ್ಲೆ): ವಿಜಯಪುರ–ಸೊಲ್ಲಾಪುರ ಹೆದ್ದಾರಿಯಲ್ಲಿ ಹೊರ್ತಿ ದಾಟಿದರೆ ಝಳಕಿ, ಅದರಾಚೆ ಧೂಳಖೇಡ, ಅಲ್ಲಿ ಭೀಮಾ ನದಿ ದಾಟಿದೊಡನೆ ಮಹಾರಾಷ್ಟ್ರ. ಇಂತಹ ಗಡಿ ರಸ್ತೆಯಲ್ಲಿ ರಾತ್ರಿ ಗಸ್ತು ತಿರುಗುವ ಪೊಲೀಸರಿಗೆ ವೈರ್‌ಲೆಸ್ ಸಂದೇಶವೇ ಆಸರೆ. ಆ ಸಂದೇಶ ಅಕ್ರಮ ಸಾಗಣೆದಾರರ ಕಾರಿನಲ್ಲೂ ಕೇಳಿಸಿದರೆ ನಾಕಾಬಂದಿಗೆ ಅರ್ಥವೇ ಉಳಿಯದು.

ಇದು ಕೇವಲ ಕಲ್ಪನೆಯ ಆತಂಕವಲ್ಲ. ಭೀಮಾ ತೀರದ ಮರಳು ದಂಧೆ ಎಷ್ಟು ನಿರ್ದಯವೆಂಬುದು 2023ರ ಜೂನ್‌ನಲ್ಲೇ ಕಂಡಿದೆ. ನೆರೆಯ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಮರಳು ಟ್ರ್ಯಾಕ್ಟರ್ ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದೇ ಟ್ರ್ಯಾಕ್ಟರ್ ಹರಿದು ಪ್ರಾಣ ತೆತ್ತರು. ಪೊಲೀಸರ ಚಲನವಲನ ಮೊದಲೇ ತಿಳಿಯುವುದು ಇಂತಹವರಿಗೆ ಎಷ್ಟು ಲಾಭದಾಯಕ ಎಂದು ವಿವರಿಸಬೇಕಿಲ್ಲ.

ನೂರು ರೂಪಾಯಿಯಿಂದ ಎರಡು ಕೋಟಿಗೆ

ಅಮೆರಿಕದ ನ್ಯೂಯಾರ್ಕ್, ಫ್ಲಾರಿಡಾ ಮುಂತಾದ ರಾಜ್ಯಗಳಲ್ಲಿ ವಾಹನದೊಳಗೆ ಪೊಲೀಸ್ ತರಂಗ ಹಿಡಿಯುವ ಸ್ಕ್ಯಾನರ್ ಇರಿಸಿಕೊಳ್ಳುವುದಕ್ಕೆಂದೇ ಪ್ರತ್ಯೇಕ ನಿರ್ಬಂಧವಿದೆ. ಭಾರತದ ದಾರಿ ಬೇರೆ. ಇಲ್ಲಿ ಕಾರು, ಮನೆ ಎಂಬ ಭೇದವಿಲ್ಲ. ಅನುಮತಿ ಇಲ್ಲವೇ ವಿನಾಯಿತಿ ಇಲ್ಲದೆ ರೇಡಿಯೊ ಉಪಕರಣ ಹೊಂದುವುದೇ ತಪ್ಪು. ಅಂಚೆ ಕಚೇರಿಯಲ್ಲಿ ರೇಡಿಯೊ ಲೈಸೆನ್ಸ್ ಶುಲ್ಕ ಕಟ್ಟಿದ ಹಿರಿಯರಿಗೆ ಈ ನೀತಿ ಅಪರಿಚಿತವಲ್ಲ.

1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯಲ್ಲಿ ಕೇಳುವ ಉಪಕರಣಕ್ಕೆ ಮೊದಲ ಸಲದ ದಂಡ ಗರಿಷ್ಠ 100 ರೂಪಾಯಿ. ಪ್ರಸಾರ ಮಾಡುವ ಉಪಕರಣಕ್ಕೆ ಮೂರು ವರ್ಷದವರೆಗೆ ಸಜೆ ಅಥವಾ 1,000 ರೂಪಾಯಿ ದಂಡ ಅಥವಾ ಎರಡೂ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ 2024ರ ಜೂನ್ 26ರಂದು ಜಾರಿಗೆ ಬಂತು. ಸಂದೇಶವನ್ನು ಕಾನೂನುಬಾಹಿರವಾಗಿ ಕದ್ದಾಲಿಸಿದರೆ ಮೂರು ವರ್ಷದವರೆಗೆ ಸಜೆ ಅಥವಾ ಎರಡು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಅದು ವಿಧಿಸುತ್ತದೆ.

ಮಾರುಕಟ್ಟೆಯೇ ಮೂಲ

ಆದರೆ ಉಪಕರಣ ಬರುವುದು ಎಲ್ಲಿಂದ? ಆನ್‌ಲೈನ್ ಮಾರಾಟ ತಾಣಗಳಲ್ಲಿ ವಾಕಿಟಾಕಿಗಳು ಆಟಿಕೆಗಳಂತೆ ಬಿಕರಿಯಾಗುತ್ತಿದ್ದುದನ್ನು ಗಮನಿಸಿದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಹಲವು ತಾಣಗಳಿಗೆ ನೋಟಿಸ್ ನೀಡಿ, ಬಳಿಕ ಮಾರ್ಗಸೂಚಿ ಹೊರಡಿಸಿತು. ತರಂಗಾಂತರದ ವಿವರ, ಪರವಾನಗಿಯ ಅಗತ್ಯ ಎರಡನ್ನೂ ಖರೀದಿದಾರರಿಗೆ ತಿಳಿಸಬೇಕೆಂಬುದು ಅದರ ತಿರುಳು.

446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ, ಅನುಮೋದಿತ ಸೆಟ್‌ಗಳಿಗೆ 2018ರ ನಿಯಮಗಳಡಿ ಲೈಸೆನ್ಸ್ ವಿನಾಯಿತಿಯುಂಟು. ಹ್ಯಾಮ್ ರೇಡಿಯೊ ಹವ್ಯಾಸಿಗಳು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯುತ್ತಾರೆ. ಜಾತ್ರೆಯ ಜನಸಂದಣಿ ನಿಭಾಯಿಸಲು ಅಗ್ಗದ ಸೆಟ್ ತರಿಸುವ ಸ್ವಯಂಸೇವಕರಿಗೆ ಈ ವ್ಯತ್ಯಾಸ ತಿಳಿದಿರುವುದು ಅಪರೂಪ. ದಂಧೆಕೋರರಿಗೆ ಬೀಸಿದ ಬಲೆಗೆ ಅಮಾಯಕರೇ ಮೊದಲು ಬಿದ್ದಾರು.

ಇನ್ನೊಂದು ವಾಸ್ತವವೂ ಇದೆ. ಹೆದ್ದಾರಿಯ ಚಹಾದಂಗಡಿ ಮುಂದೆ ಕುಳಿತು ಪೊಲೀಸ್ ಜೀಪ್ ಕಂಡೊಡನೆ ಕರೆ ಮಾಡುವವನಿಗೆ ಸ್ಕ್ಯಾನರ್ ಬೇಕಿಲ್ಲ, ಮೊಬೈಲ್ ಸಾಕು. ಆದ್ದರಿಂದ ಶಿಕ್ಷೆಯ ಪ್ರಮಾಣ ಹೆಚ್ಚಿಸಿದ ಮಾತ್ರಕ್ಕೆ ಗಸ್ತು ಸುರಕ್ಷಿತವಾಗದು. ಗೂಢಲಿಪಿಯ ಡಿಜಿಟಲ್ ಸಂಪರ್ಕ ಗಡಿ ಠಾಣೆಗಳಿಗೂ ದೊರೆಯಬೇಕು, ಮಾರಾಟಗಾರರ ಮೇಲೆ ನಿಗಾ ಇರಬೇಕು, ಜನರಿಗೆ ತಿಳಿವಳಿಕೆ ನೀಡಬೇಕು. ಈ ಮೂರೂ ಇಲ್ಲದಿದ್ದರೆ ಎರಡು ಕೋಟಿಯ ದಂಡ ಕಾಗದದಲ್ಲೇ ಉಳಿದೀತು. ರಾತ್ರಿ ರಸ್ತೆಗಿಳಿಯುವ ಪೇದೆಗೆ ಅದರಿಂದ ರಕ್ಷಣೆ ಸಿಗದು.